ಐದಡಿಗಿಂತ ಕಡಿಮೆ ಎತ್ತರದವರಿಗೆ ಸ್ಟೀರಿಂಗ್ ಹಿಂದಿನ ಜಾಗ: ದಿಂಬೇ, ಲಿವರೇ, ಎತ್ತರದ ಕಾರೇ?

ನನ್ನ ಎತ್ತರ ನಾಲ್ಕಡಿ ಹನ್ನೊಂದು ಅಂಗುಲ, ಅಂದರೆ ಸುಮಾರು 150 ಸೆಂ.ಮೀ. ಈ ಅಳತೆಯವರು ಚಾಲಕನ ಸೀಟಿನಲ್ಲಿ ಕುಳಿತಾಗ ಮೂರು ಅಗತ್ಯಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಕ್ಲಚ್ಚನ್ನು ಪೂರ್ತಿ ಒತ್ತಬೇಕಾದರೆ ಸೀಟು ಮುಂದೆ ಬರಬೇಕು, ಏರ್‌ಬ್ಯಾಗಿನಿಂದ ದೂರವಿರಬೇಕಾದರೆ ಹಿಂದೆ ಹೋಗಬೇಕು, ಬಾನೆಟ್ಟಿನಾಚೆಯ ರಸ್ತೆ ಕಾಣಬೇಕಾದರೆ ಮೇಲೇರಬೇಕು. ಮೇಲೇರಿದಷ್ಟೂ ಹಿಮ್ಮಡಿ ನೆಲ ಬಿಡುತ್ತದೆ. ಇದಕ್ಕೆ ಪರಿಹಾರವೆಂದು ಜನ ಹೇಳುವ ಉಪಾಯಗಳಲ್ಲಿ ಹೆಚ್ಚಿನವನ್ನು ಬೆಂಗಳೂರಿನ ವಾಹನದಟ್ಟಣೆಯಲ್ಲಿಯೂ ಶಿರಾಡಿ ಘಾಟಿಯ ತಿರುವುಗಳಲ್ಲಿಯೂ ಬಳಸಿ ನೋಡಿದ್ದೇನೆ. ಅವೆಲ್ಲವೂ ಸಮಾನವಲ್ಲ.

ಹೋಲಿಕೆಗೆ ಒಂದು ಅಳತೆಗೋಲು ಬೇಕು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ, ಸ್ಟೀರಿಂಗಿನ ನಡುಭಾಗಕ್ಕೂ ಚಾಲಕರ ಎದೆಮೂಳೆಗೂ ಕನಿಷ್ಠ 10 ಅಂಗುಲ, ಅಂದರೆ ಸುಮಾರು 25 ಸೆಂ.ಮೀ. ಅಂತರವಿರಬೇಕೆಂದು ಹೇಳುತ್ತದೆ. 1990ರ ದಶಕದಲ್ಲಿ ಅಲ್ಲಿ ಸ್ಟೀರಿಂಗಿಗೆ ತೀರಾ ಹತ್ತಿರ ಕೂರುತ್ತಿದ್ದ ಕೆಲವು ಚಾಲಕರು, ಅವರಲ್ಲೂ ಕಡಿಮೆ ಎತ್ತರದ ಮಹಿಳೆಯರು, ಏರ್‌ಬ್ಯಾಗು ಬಿಚ್ಚಿಕೊಂಡ ರಭಸಕ್ಕೇ ಪ್ರಾಣ ಕಳೆದುಕೊಂಡಿದ್ದರು. ಏರ್‌ಬ್ಯಾಗಿನ ಹೊಡೆತ ಅತ್ಯಂತ ಅಪಾಯಕಾರಿಯಾಗಿರುವುದು ಅದು ಹೊರಬರುವ ಮೊದಲ ಎರಡು ಮೂರು ಅಂಗುಲಗಳಲ್ಲಿ. ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕರ ಏರ್‌ಬ್ಯಾಗು ಕಡ್ಡಾಯವಾಗಿರುವುದರಿಂದ ಈ ಅಂತರವನ್ನು ನಾವೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ದರ್ಜಿಯ ಟೇಪೊಂದಿದ್ದರೆ ಅದನ್ನು ಅಳೆಯಲು ಅರ್ಧ ನಿಮಿಷ ಸಾಕು.

ಎಲ್ಲಕ್ಕಿಂತ ಅಗ್ಗದ ಉಪಾಯ ದಿಂಬು, ಎಲ್ಲಕ್ಕಿಂತ ಕೆಟ್ಟದ್ದೂ ಅದೇ. ಮನೆಯ ಸೋಫಾದ ಮೆತ್ತನೆಯ ದಿಂಬನ್ನು ಹಾಕಿಕೊಂಡು ಹೊರಟರೆ ಮೊದಲ ಸಿಗ್ನಲ್ಲಿನವರೆಗೆ ನೋಟ ಚೆನ್ನಾಗಿರುತ್ತದೆ. ಆಮೇಲೆ ದಿಂಬು ಚಪ್ಪಟೆಯಾಗಿ, ಹಾಕಿದ್ದೂ ಒಂದೇ ಬಿಟ್ಟದ್ದೂ ಒಂದೇ ಎನ್ನುವಂತಾಗುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ದಿಂಬಿನ ಸಮೇತ ಮೈ ಮುಂದಕ್ಕೆ ಜಾರುವುದು ಇದಕ್ಕಿಂತ ದೊಡ್ಡ ತೊಂದರೆ. ಅಪಘಾತದ ಹೊತ್ತಿನಲ್ಲಿ ಹೀಗೆ ಜಾರಿದರೆ, ಸೊಂಟದ ಮೂಳೆಯ ಮೇಲೆ ಕೂರಬೇಕಾದ ಬೆಲ್ಟು ಹೊಟ್ಟೆಯ ಮೆದು ಭಾಗಕ್ಕೆ ಏರಿ ಒಳಗಿನ ಅಂಗಗಳನ್ನೇ ಹಿಸುಕುವ ಅಪಾಯವಿದೆ.

ಗಟ್ಟಿ ಫೋಮಿನ ಬೆಣೆಯಾಕಾರದ ತುಂಡು ಇದಕ್ಕಿಂತ ಎಷ್ಟೋ ವಾಸಿ. ಜೆ.ಸಿ. ರಸ್ತೆಯಲ್ಲಿ ಸೀಟು ಕವರ್ ಹೊಲಿಯುವ ಅಂಗಡಿಯೊಂದರಲ್ಲಿ ಹಿಂದೆ ದಪ್ಪ, ಮುಂದೆ ತೆಳು ಇರುವಂತೆ ಒಂದನ್ನು ಕತ್ತರಿಸಿಕೊಂಡು, ಸೀಟು ಕವರಿನ ಒಳಗೇ ಅದು ಕದಲದಂತೆ ಹೊಲಿಸಿದೆ. ಮುಂಭಾಗ ತೆಳುವಾಗಿರುವುದರಿಂದ ತೊಡೆ ಎತ್ತಿಕೊಳ್ಳುವುದಿಲ್ಲ, ಹಿಮ್ಮಡಿಯೂ ಹೆಚ್ಚುಕಡಿಮೆ ನೆಲದಲ್ಲೇ ಉಳಿಯುತ್ತದೆ. ಆದರೂ ಕೊರತೆಯೊಂದಿದೆ. ಫೋಮು ಮೇಲೆತ್ತುವುದು ನಮ್ಮನ್ನು ಮಾತ್ರ, ಸೀಟನ್ನಲ್ಲ. ಸೊಂಟಕ್ಕೆ ಆಸರೆ ಕೊಡಬೇಕಾದ ಉಬ್ಬು ಅದಕ್ಕಿಂತ ಕೆಳಗೆ ಬರುತ್ತದೆ, ಬೆಲ್ಟಿನ ಕೊಂಡಿ ಫೋಮಿನ ಅಂಚಿನಲ್ಲಿ ಹೂತುಹೋಗಿ ಪ್ರತಿ ಸಲ ಬೆರಳಿನಿಂದ ಹುಡುಕಿ ತೆಗೆಯಬೇಕಾಗುತ್ತದೆ.

ಸೀಟಿನ ಎತ್ತರ ಹೊಂದಿಸುವ ಲಿವರ್ ಗೆಲ್ಲುವುದು ಇಲ್ಲಿಯೇ. ಅಕ್ಕನ ಕಾರಿನಲ್ಲಿ ಬಾಗಿಲ ಕಡೆಗಿರುವ ಆ ಲಿವರನ್ನು ನಾಲ್ಕಾರು ಸಲ ಮೇಲಕ್ಕೆಳೆದರೆ ಬೆನ್ನಾಸರೆ, ಹೆಡ್‌ರೆಸ್ಟ್, ಬೆಲ್ಟಿನ ಕೊಂಡಿ ಎಲ್ಲವೂ ನನ್ನ ಜೊತೆಗೇ ಏರುತ್ತವೆ. ಕುತ್ತಿಗೆಗೆ ಉಜ್ಜುತ್ತಿದ್ದ ಬೆಲ್ಟು ತಾನಾಗಿ ಹೆಗಲಿಗೆ ಸರಿಯುತ್ತದೆ. ಗಮನಿಸಬೇಕಾದ ಅಂಶವೆಂದರೆ, ಹಲವು ಕಾರುಗಳಲ್ಲಿ ಸೀಟು ನೇರವಾಗಿ ಮೇಲೇರದೆ ಕಮಾನಿನಂತೆ ಸ್ವಲ್ಪ ಮುಂದಕ್ಕೂ ಬರುತ್ತದೆ. ಆದ್ದರಿಂದ ಮೊದಲು ಎತ್ತರ, ಆಮೇಲೆ ಹಿಂದುಮುಂದು, ಕೊನೆಗೆ ಬೆನ್ನಿನ ಓರೆ ಎಂಬ ಕ್ರಮದಲ್ಲಿ ಹೊಂದಿಸಿಕೊಳ್ಳುವುದು ಒಳ್ಳೆಯದು, ಮತ್ತು ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಮಡಚಿಯೇ ಇರಬೇಕು. ಕನ್ನಡಿಗಳನ್ನು ಇದೆಲ್ಲ ಆದ ಮೇಲೆಯೇ ಮುಟ್ಟಬೇಕು. ಬೇಸರದ ಸಂಗತಿಯೆಂದರೆ, ಅಗ್ಗದ ಕಾರುಗಳ ಕೆಳಗಿನ ದರ್ಜೆಗಳಲ್ಲಿ ಸಾಮಾನ್ಯವಾಗಿ ಈ ಲಿವರೇ ಇರುವುದಿಲ್ಲ; ದೊಡ್ಡ ಪರದೆ, ಅಲಾಯ್ ಚಕ್ರಗಳ ಸಾಲಿನಲ್ಲಿ ಇದನ್ನೂ ಒಂದು ಶೋಕಿಯೆಂಬಂತೆ ಮಾರುತ್ತಾರೆ.

ಎತ್ತರದ ಕಾರನ್ನೇ ಕೊಂಡರಾಯಿತಲ್ಲ ಎನ್ನುವವರು ಬಹಳ ಮಂದಿ. ವ್ಯಾಗನ್‌ಆರ್ ಮತ್ತು ಹಳೆಯ ಸ್ಯಾಂಟ್ರೋಗಳಂತಹ ಟಾಲ್‌ಬಾಯ್ ಕಾರುಗಳಲ್ಲಿ ಕುರ್ಚಿಯಲ್ಲಿ ಕುಳಿತಂತೆ ಕೂರಬಹುದು, ಮುಂದಿನ ಗಾಜು ವಿಶಾಲ, ಬಾನೆಟ್ ಗಿಡ್ಡ. ನೋಟದ ಮಟ್ಟಿಗೆ ನನಗೆ ಇವೇ ಅತ್ಯುತ್ತಮವೆನಿಸಿವೆ. ಆದರೆ ಕಾಲು ಮುಂದಕ್ಕೆ ಚಾಚುವ ಬದಲು ಕೆಳಕ್ಕೆ ಇಳಿಯುವುದರಿಂದ, ಗಿಡ್ಡ ಕಾಲಿನವರಿಗೆ ಸೀಟಿನ ಅಂಚು ಮೊಣಕಾಲಿನ ಹಿಂಬದಿಗೆ ಒತ್ತಿ, ದೂರದ ಪಯಣದಲ್ಲಿ ಜೋಮು ಹಿಡಿಯುತ್ತದೆ. ಎಸ್‌ಯುವಿಗಳ ವಿಷಯ ಬೇರೆ: ಸೀಟು ಎಷ್ಟು ಎತ್ತರವೋ ಬಾನೆಟ್ಟೂ ಅಷ್ಟೇ ಎತ್ತರ, ಹಾಗಾಗಿ ದೂರದ ಲಾರಿ ಕಂಡರೂ ಎದುರಿಗೇ ಇರುವ ಹಂಪ್ ಕಾಣುವುದಿಲ್ಲ.

ಸ್ಟೀರಿಂಗಿನ ಹೊಂದಾಣಿಕೆಯನ್ನು ನಮ್ಮಲ್ಲಿ ಯಾರೂ ಗಂಭೀರವಾಗಿ ಪರಿಗಣಿಸುವುದಿಲ್ಲ. ಮೇಲೆ ಕೆಳಗೆ ಮಾತ್ರ ಚಲಿಸುವ ಟಿಲ್ಟ್ ಸ್ಟೀರಿಂಗನ್ನು ಇಳಿಸಿದರೆ ರಸ್ತೆ ಕಾಣುತ್ತದೆ, ಏರ್‌ಬ್ಯಾಗು ಮುಖದ ಬದಲು ಎದೆಯತ್ತ ತಿರುಗುತ್ತದೆ. ಅದರ ಉಪಕಾರ ಅಷ್ಟಕ್ಕೇ ನಿಲ್ಲುತ್ತದೆ. ಹಿಂದೆ ಮುಂದೆಯೂ ಸರಿಯುವ ಟೆಲಿಸ್ಕೋಪಿಕ್ ಸ್ಟೀರಿಂಗನ್ನು ಸೀಟನ್ನು ಹಿಂದೆ ಸರಿಸಿ ಕೂರುವ ಉದ್ದ ಕಾಲಿನವರು ತಮ್ಮತ್ತ ಎಳೆದುಕೊಳ್ಳುತ್ತಾರೆ, ನಮ್ಮಂಥವರು ಡ್ಯಾಶ್‌ಬೋರ್ಡಿನತ್ತ ಪೂರ್ತಿ ತಳ್ಳಬೇಕು. ಆ ಒಂದೆರಡು ಅಂಗುಲ, ಸೀಟನ್ನು ಕದಲಿಸದೆಯೇ ಎದೆಯ ಮುಂದಿನ ಅಂತರಕ್ಕೆ ಸೇರಿಕೊಳ್ಳುತ್ತದೆ. ಬೆನ್ನು ಸೀಟಿಗೆ ಅಂಟಿಕೊಂಡಿರುವಾಗಲೇ ಮಣಿಕಟ್ಟು ಸ್ಟೀರಿಂಗಿನ ಮೇಲಂಚನ್ನು ಮುಟ್ಟಿದರೆ ದೂರ ಸರಿಯಾಗಿದೆಯೆಂದು ತಿಳಿಯಬಹುದು. ಲಿವರ್ ಮತ್ತು ಟೆಲಿಸ್ಕೋಪಿಕ್ ಸ್ಟೀರಿಂಗುಗಳಲ್ಲಿ ಒಂದನ್ನೇ ಆರಿಸಬೇಕೆಂದರೆ ನನ್ನ ಮತ ಸ್ಟೀರಿಂಗಿಗೆ, ಏಕೆಂದರೆ ಎತ್ತರದ ಕೊರತೆಯನ್ನು ಫೋಮು ಒಂದಿಷ್ಟು ತುಂಬಿಕೊಡುತ್ತದೆ, ಅಂತರದ ಕೊರತೆಯನ್ನು ತುಂಬಿಕೊಡುವ, ನಂಬಿ ಬಳಸಬಹುದಾದ ವಸ್ತು ಅಂಗಡಿಯಲ್ಲಿ ಸಿಗುವುದಿಲ್ಲ.

ಪೆಡಲು ಕಾಲಿಗೆ ಎಟುಕುವಂತೆ ಅದರ ಮೇಲೆ ಜೋಡಿಸುವ ವಿಸ್ತರಣೆಯನ್ನು ನಾನು ಬಳಸಿಲ್ಲ. ಸಡಿಲವಾದರೆ ಬ್ರೇಕಿಗೇ ಕುತ್ತು ತರುವ ಅದನ್ನು ಆನ್‌ಲೈನಿನಲ್ಲಿ ತರಿಸಿ ನಾವೇ ಬಿಗಿದುಕೊಳ್ಳುವುದು ಸಲ್ಲದು. ಕಾರಿನಲ್ಲಿ ಮಾರ್ಪಾಡು ಮಾಡಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದೂ ಅಗತ್ಯ.

ಕೊನೆಯದು ಆಟೋಮ್ಯಾಟಿಕ್ ಗೇರಿನ ಕಾರು. ನಮ್ಮನ್ನು ಸ್ಟೀರಿಂಗಿನತ್ತ ಎಳೆಯುವುದೇ ಕ್ಲಚ್ ಆದ್ದರಿಂದ ಅದಿಲ್ಲದಿದ್ದಾಗ ಸೀಟನ್ನು ಹಿಂದೆ ಸರಿಸಲು ಅವಕಾಶ ಸಿಗುತ್ತದೆ, 25 ಸೆಂ.ಮೀ. ಅಂತರ ಸುಲಭವಾಗಿ ಒದಗುತ್ತದೆ. ಆದರೆ ಎಷ್ಟು ಸರಿಸಬೇಕೆಂಬುದನ್ನು ಬ್ರೇಕ್ ಪೆಡಲನ್ನು ಬಲವಾಗಿ ಒತ್ತಿ ನೋಡಿಯೇ ನಿರ್ಧರಿಸಬೇಕು. ನಾನು ಓಡಿಸಿದ ಕಾರಿನಲ್ಲಿ ಎಡಗಾಲನ್ನು ಇಡಲೆಂದು ಕೊಟ್ಟಿರುವ ಹಲಗೆಯಂಥ ಪೆಡಲು ನನಗೆ ಎಟುಕುತ್ತಿರಲಿಲ್ಲ. ಆಸರೆಯಿಲ್ಲದ ಕಾಲು ತೂಗಾಡಿ ಘಾಟಿಯ ತಿರುವುಗಳಲ್ಲಿ ಸೊಂಟ ಒಂದೇ ಪಕ್ಕಕ್ಕೆ ಹೊರಳುತ್ತಿತ್ತು. ಅದಕ್ಕಾಗಿ ಶೋರೂಮಿನಲ್ಲಿ ಟೆಸ್ಟ್ ಡ್ರೈವ್ ಮಾಡುವಾಗ ದಿನವೂ ಹಾಕಿಕೊಳ್ಳುವ ಚಪ್ಪಲಿಯನ್ನೇ ಮೆಟ್ಟಿಕೊಂಡು, ಬಲಗಾಲಿನಷ್ಟೇ ಎಡಗಾಲಿನ ಜಾಗವನ್ನೂ ನೋಡಿಕೊಳ್ಳುವುದು ಮೇಲು.