ಗಾಲ್ಫ್ ಸ್ಲೈಸ್ ಬಿಡಿಸಲು ಮಡಚುವ ಕ್ಲಬ್ಬಾ, ಕೋಚಾ, ಪೌಡರ್ ಡಬ್ಬಿಯಾ?

ಮೊದಲೇ ಹೇಳಿಬಿಡುತ್ತೇನೆ. ಗೆದ್ದದ್ದು ಮನೆಯಲ್ಲಿದ್ದ ಟಾಲ್ಕಂ ಪೌಡರ್ ಡಬ್ಬಿ. ಸೋತದ್ದು 8,000 ರೂಪಾಯಿ ಕೊಟ್ಟು ತರಿಸಿದ ಮಡಚುವ ಕ್ಲಬ್. ಅದೀಗ ಬಾಗಿಲ ಹಿಂದೆ ಕೊಡೆಗಳ ಜೊತೆ ನಿಂತಿದೆ.

ನನ್ನ ಕಾಯಿಲೆ ಗಾಲ್ಫಿನಲ್ಲಿ ಮಾಮೂಲಿಯದೇ, ಹೆಸರು ಸ್ಲೈಸ್. ಬಲಗೈ ಆಟಗಾರ ನಾನು. ಡ್ರೈವರ್ ಎಂಬ ಉದ್ದನೆಯ ಕ್ಲಬ್ಬಿನಲ್ಲಿ ಹೊಡೆದ ಚೆಂಡು ನೆಟ್ಟಗೆ ಹೊರಟು, ಆಮೇಲೆ ಬಲಕ್ಕೆ ತಿರುಗಿ ಮರಗಳ ಪಾಲಾಗುತ್ತಿತ್ತು. ಕ್ಲಬ್ ಬೀಸಿದ ದಾರಿಗಿಂತ ಅದರ ಮುಖ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ, ಅಷ್ಟು ಗೊತ್ತಿತ್ತು. ಹಾಗಾಗಿ ಕ್ಲಬ್ಬನ್ನು ಹೊರಗಿನಿಂದ ಒಳಕ್ಕೆ ಎಳೆಯುತ್ತಿದ್ದೇನೆ, ತಪ್ಪೆಲ್ಲ ಅಲ್ಲೇ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

ಮಡಚುವ ಕ್ಲಬ್ಬಿನ ನಡುವೆ ಒಂದು ಕೀಲು. ಬೀಸುವಾಗ ತಪ್ಪಿದರೆ ಟಕ್ಕೆಂದು ಮಡಚಿಕೊಳ್ಳುತ್ತದೆ. ಮೊದಲ ವಾರ 10ರಲ್ಲಿ 8 ಸಲ ಮಡಚಿತು. ಮೂರನೇ ವಾರಕ್ಕೆ ಒಂದೂ ಇಲ್ಲ. ಖುಷಿಯಾಗಿ ಡ್ರೈವರ್ ಎತ್ತಿದೆ. ಮೊದಲ ಚೆಂಡೇ ರೇಂಜಿನ (ಅಭ್ಯಾಸದ ಮೈದಾನದ) ಬಲಗಡೆಯ ಬಲೆಗೆ!

ಆದದ್ದೇನು ಗೊತ್ತಾ? ನಾನು ಸ್ವಿಂಗ್ ತಿದ್ದಿಕೊಂಡಿರಲೇ ಇಲ್ಲ. ಕೀಲು ಮಡಚದ ಹಾಗೆ ಮೆಲ್ಲಗೆ ಬೀಸುವುದನ್ನು ಕಲಿತಿದ್ದೆ, ತುಂಬಿದ ಕೊಡ ಹೊತ್ತವರ ಹಾಗೆ. ಡ್ರೈವರ್ ಕೈಗೆ ಬಂದ ಕೂಡಲೇ ಹಳೇ ಆವೇಶವೂ ಬಂತು. ಮೇಲಾಗಿ ಆ ಮಡಚುವ ಕ್ಲಬ್ 7ನೇ ಐರನ್ ಎಂಬ ಗಿಡ್ಡ ಕ್ಲಬ್ಬಿನ ಅಳತೆಯದು, ನನ್ನ ತೊಂದರೆ ಇದ್ದದ್ದು 45.5 ಇಂಚಿನ ಡ್ರೈವರ್‌ನಲ್ಲಿ. ಇನ್ನೊಂದು ಸಿಟ್ಟು: ಮಡಚಿತು ಎಂದಷ್ಟೇ ಗೊತ್ತಾಗುತ್ತದೆ. ಯಾಕೆ ಮಡಚಿತು? ಸುಮ್ನೆ ಊಹೆ ಮಾಡುತ್ತಾ ಕೂರಬೇಕು.

ಫೋನಿನ ಸ್ಲೋ ಮೋಷನ್ ಪರವಾಗಿಲ್ಲ. ಆದರೆ ಅದನ್ನು ಕೈಗಳ ಎತ್ತರದಲ್ಲಿ, ಗುರಿಯ ಗೆರೆಗೆ ಸಮಾನಾಂತರವಾಗಿ ಇಡಬೇಕು. ಸ್ವಲ್ಪ ಓರೆಯಾದರೂ ಸ್ವಿಂಗ್ ದಾರಿ ಬೇರೆಯೇ ಕಾಣುತ್ತದೆ. ಕ್ಲಬ್ಬಿನ ದಂಡ ಬಿಲ್ಲಿನಂತೆ ಬಾಗಿದ್ದು ನೋಡಿ ಗಾಬರಿಯಾಗಬೇಡಿ, ಅರ್ಧಕ್ಕರ್ಧ ಅದು ಕ್ಯಾಮೆರಾದ ಆಟ.

ಕೋಚ್ ಹತ್ತಿರ ಒಂದೇ ಪಾಠ ತೆಗೆದುಕೊಂಡೆ. ಕ್ಲಬ್ ಹಿಡಿದು ಕೆಳಗೆ ನೋಡಿದರೆ ಎಡಗೈಯ ಗೆಣ್ಣು ಒಂದೇ ಕಾಣುತ್ತಿತ್ತು, ಎರಡೂವರೆ ಕಾಣುವ ಹಾಗೆ ಹಿಡಿತ ತಿರುಗಿಸಿದರು. ಒಳ್ಳೆಯ ಪಾಠ. ಪ್ರತಿ ವಾರ ಅಷ್ಟು ದುಡ್ಡು ನನ್ನಿಂದಾಗದು.

ಇನ್ನು ಪೌಡರ್. ಒದ್ದೆ ಬಟ್ಟೆಯಲ್ಲಿ ಡ್ರೈವರ್ ಮುಖ ಒರೆಸಿ, ಅದರ ಮೇಲೆ ತೆಳ್ಳಗೆ ಸವರಿದೆ. ಐದು ಚೆಂಡು ಹೊಡೆದು ತಿರುಗಿಸಿ ನೋಡಿದರೆ ನಾಲ್ಕು ಗುರುತು ಹೀಲ್ ಕಡೆ, ದಂಡ ಸೇರುವ ಜಾಗದ ಪಕ್ಕದಲ್ಲಿ! ಡ್ರೈವರ್‌ನ ಹೀಲ್‌ಗೆ ಬಿದ್ದ ಚೆಂಡಿಗೆ ಬಲಕ್ಕೆ ತಿರುಗುವ ಸುತ್ತು ಜಾಸ್ತಿ. ಅಂದರೆ ನನ್ನ ಸ್ಲೈಸ್‌ನಲ್ಲಿ ಒಂದು ಪಾಲು ದಾರಿಯದಲ್ಲ, ಚೆಂಡು ತಗುಲಿದ ಜಾಗದ್ದು. ಮತ್ತೆ ವಿಡಿಯೊ ನೋಡಿದೆ. ಬೀಸುವಾಗ ಮೈಭಾರ ಕಾಲ್ಬೆರಳುಗಳಿಗೆ ಹೋಗಿ ನಾನು ಚೆಂಡಿನ ಕಡೆಗೆ ವಾಲುತ್ತಿದ್ದೆ. ಎರಡು ಬೆರಳಷ್ಟು ಹಿಂದೆ ನಿಂತೆ, ಗ್ರಿಪ್ ಒಂದಿಂಚು ಕೆಳಗೆ ಹಿಡಿದೆ. ಗುರುತು ನಡುವಿಗೆ ಬಂತು. ಇದು ರೇಂಜಿಗೆ ಮಾತ್ರ, ರೌಂಡ್ ಆಡುವಾಗ ಕ್ಲಬ್ ಮುಖಕ್ಕೆ ಪೌಡರ್ ಹಚ್ಚುವುದು ನಿಯಮಕ್ಕೆ ವಿರುದ್ಧ.

ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಐವತ್ತು ಚೆಂಡು ಹೊಡೆಯುವ ನನ್ನಂಥವರಿಗೆ ಪೌಡರ್ ಸಾಕು, ವರ್ಷಕ್ಕೆ ಒಂದೆರಡು ಪಾಠ ಸೇರಿಸಿದರೆ ಇನ್ನೂ ಒಳ್ಳೆಯದು. ಈಗಲೂ 10ರಲ್ಲಿ 3 ಚೆಂಡು ಬಲಕ್ಕೆ ಹೋಗುತ್ತವೆ, ಆದರೆ ಮರದವರೆಗೆ ಹೋಗುವುದಿಲ್ಲ.