ಏರ್ ಪಿಸ್ತೂಲಿನ ಟ್ರಿಗರ್: ಸ್ಟೆಯರ್, ಮೊರಿನಿ, ಫೀನ್‌ವರ್ಕ್‌ಬೌ

ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಟ್ರಿಗರ್ ಭಾರದ (ಟ್ರಿಗರ್ ಬಿಡುಗಡೆಯಾಗಲು ಬೆರಳು ಹಾಕಬೇಕಾದ ಒತ್ತಡದ) ಕೆಳಮಿತಿ 500 ಗ್ರಾಂ. ಸ್ಟೆಯರ್ ಎಲ್‌ಪಿ 10 ಆದರೂ ಅಷ್ಟೇ, ಮೊರಿನಿ ಸಿಎಂ 162 ಇಐ ಆದರೂ ಅಷ್ಟೇ, ಫೀನ್‌ವರ್ಕ್‌ಬೌ ಪಿ8ಎಕ್ಸ್ ಆದರೂ ಅಷ್ಟೇ. ಆದರೂ ರೇಂಜಿನಲ್ಲಿ ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿದವರು 'ಅಯ್ಯೋ, ಇದೆಷ್ಟು ಹಗುರ' ಅನ್ನದೆ ಇರುವುದಿಲ್ಲ. ಬಹುತೇಕ ಸಲ ಅದು ಕಂಪನಿಯ ಗುಣವಲ್ಲ, ಪಿಸ್ತೂಲಿನ ಮಾಲೀಕ ಸ್ಕ್ರೂಗಳನ್ನು ಎಲ್ಲಿ ನಿಲ್ಲಿಸಿದ್ದಾನೆ ಅನ್ನುವುದರ ಫಲ. ಮೂರನ್ನೂ ಒಂದೇ ಅಳತೆಗೆ ತರದೆ ಹೋಲಿಸುವುದು ವ್ಯರ್ಥ.

ನಾವು ಇಟ್ಟುಕೊಂಡ ಅಳತೆ: ಫಸ್ಟ್ ಸ್ಟೇಜ್ (ಟ್ರಿಗರ್ ಸಲೀಸಾಗಿ ಸರಿಯುವ ಮೊದಲ ಹಂತ) 370 ಗ್ರಾಂ, ಸೆಕೆಂಡ್ ಸ್ಟೇಜ್ (ತಡೆ ಸಿಕ್ಕ ಮೇಲೆ ಬಿಡುಗಡೆಯ ತನಕ ಒತ್ತುವ ಎರಡನೆಯ ಹಂತ) 145, ಒಟ್ಟು 515. ಸರಿಯಾಗಿ 500ಕ್ಕೇ ನಿಲ್ಲಿಸಬಾರದು; ಸ್ಪ್ರಿಂಗ್ ಸ್ವಲ್ಪ ಸಡಿಲವಾದರೂ ತಪಾಸಣೆಯಲ್ಲಿ ಬೀಳುತ್ತದೆ. ತೂಗುವ ಕ್ರಮ ಎಲ್ಲರಿಗೂ ಗೊತ್ತು: ಗಾಳಿಯ ಸಿಲಿಂಡರ್ ಹಾಕಿ, ಪೆಲೆಟ್ (ಗುಂಡು) ಇಲ್ಲದೆ ಕಾಕ್ ಮಾಡಿ (ಹೊಡೆಯಲು ಸಿದ್ಧಗೊಳಿಸಿ), ಬ್ಯಾರಲ್ ನೆಟ್ಟಗೆ ಮೇಲ್ಮುಖವಾಗಿ ಹಿಡಿದು, ಟ್ರಿಗರ್ ಶೂ (ಬೆರಳು ತಾಗುವ ತುಂಡು) ನಡುವಿಗೆ ತೂಕದ ಕೊಕ್ಕೆ ಸಿಕ್ಕಿಸಿ, ಮೇಜಿನಿಂದ ನಿಧಾನವಾಗಿ ಎತ್ತುವುದು; ತೂಕ ಮೇಲೆದ್ದರೂ ಟ್ರಿಗರ್ ಕಳಚಿಕೊಳ್ಳಬಾರದು. ಎಡವುವುದು ಕೊಕ್ಕೆಯಲ್ಲಿ. ಅದು ಶೂನ ಕೆಳತುದಿಗೆ ಜಾರಿದರೆ ಸನ್ನೆಯ ತೋಳು ಉದ್ದವಾಗುತ್ತದೆ, ಭಾರ ಸರಿಯಿದ್ದ ಟ್ರಿಗರ್ ಕೂಡ ಕಳಚಿಕೊಳ್ಳುತ್ತದೆ. ಎತ್ತುವಾಗ ಕೈ ಕುಲುಕಿದರೂ ಇದೇ ಗತಿ.

ಹೀಗೆ ಹೊಂದಿಸಿದ ಮೇಲೆ ಉಳಿಯುವ ವ್ಯತ್ಯಾಸವೇ ನಿಜವಾದದ್ದು, ಮತ್ತು ಅದು ಜನ ಹೇಳುವಷ್ಟು ದೊಡ್ಡದಲ್ಲ.

ಸ್ಟೆಯರ್‌ನಲ್ಲಿ ಮೊದಲ ಹಂತದ ಚಲನೆ ನುಣುಪು, ಎರಡನೆಯದರ ಗೋಡೆ ಸ್ಪಷ್ಟ. ಬೆರಳು ಅಲ್ಲಿಗೆ ಬಂದು ನಿಂತದ್ದು ಅನುಮಾನವಿಲ್ಲದೆ ತಿಳಿಯುತ್ತದೆ. ಆಮೇಲೆ ಕರಿದ ಹಪ್ಪಳ ಮುರಿದ ಹಾಗೆ ಒಂದೇ ಏಟಿಗೆ ಬಿಡುಗಡೆ. ಹೊಸಬರಿಗೆ ಈ ಗೋಡೆ ದೊಡ್ಡ ಆಸರೆ. ಅದನ್ನೇ ಇನ್ನಷ್ಟು ಹಗುರ ಮಾಡಬೇಕೆಂದು ಸಿಯರ್ (ಟ್ರಿಗರ್ ಒತ್ತುವ ತನಕ ಹೊಡೆಯುವ ಭಾಗವನ್ನು ಹಿಡಿದಿಡುವ ಕೊಂಡಿ) ಕಚ್ಚುವ ಆಳವನ್ನು ಕಡಿಮೆ ಮಾಡುತ್ತ ಹೋದರೆ ಕಾಕ್ ಮಾಡುವ ಲಿವರ್ ಮುಚ್ಚುವಾಗಲೇ ಗುಂಡು ಹಾರುವ ಹಂತ ಬರುತ್ತದೆ. ಅಲ್ಲಿಂದ ಕಾಲು ಸುತ್ತು ಹಿಂದಕ್ಕೆ ಅನ್ನುವ ಲೆಕ್ಕ ಸಾಲದು. ಲಿವರ್ ಅನ್ನು ಬೇಕೆಂದೇ ಜೋರಾಗಿ ಮುಚ್ಚಿ ಮುಚ್ಚಿ ನೋಡಬೇಕು, ಬ್ಯಾರಲ್ ಟಾರ್ಗೆಟ್ ಕಡೆಗೇ ಇರಬೇಕು.

ಪಿ8ಎಕ್ಸ್ ಕೂಡ ಯಾಂತ್ರಿಕವೇ. ಒಂದೇ ಅಳತೆಗೆ ತಂದು ಕಣ್ಣು ಮುಚ್ಚಿ ಒತ್ತಿದರೆ ಸ್ಟೆಯರ್‌ಗೂ ಇದಕ್ಕೂ ವ್ಯತ್ಯಾಸ ಹೇಳುವವರು ಕಡಿಮೆ.

ಮೊರಿನಿಯ ಕಥೆ ಬೇರೆ, ಅದು ಎಲೆಕ್ಟ್ರಾನಿಕ್. ಇಲ್ಲಿ ಬೆರಳು ತಲುಪುವುದು ಸ್ವಿಚ್ಚನ್ನು ಮಾತ್ರ; ಮುಂದಿನದೆಲ್ಲ ಬ್ಯಾಟರಿ ಮತ್ತು ಸೊಲಿನಾಯ್ಡ್‌ನ (ವಿದ್ಯುತ್ ಹರಿದಾಗ ಕದಲುವ ಅಯಸ್ಕಾಂತದ) ಕೆಲಸ. ಸಿಯರ್ ಮೇಲೆ ಸಿಯರ್ ಉಜ್ಜುವುದಿಲ್ಲವಾದ್ದರಿಂದ ಕ್ರೀಪ್ (ಬಿಡುಗಡೆಗೆ ಮುಂಚೆ ಟ್ರಿಗರ್ ತೆವಳುವುದು) ಎಂಬುದೇ ಇಲ್ಲ, ಸಾವಿರಾರು ಶಾಟ್ ಆದರೂ ಬಿಡುಗಡೆಯ ಜಾಗ ಕದಲುವುದಿಲ್ಲ. ಬೆಲೆ ಕೊಡಬೇಕಾದದ್ದು ಈ ಒಂದು ಗುಣಕ್ಕೆ. ಆದರೆ ಗೋಡೆ ಸ್ಟೆಯರ್‌ನಷ್ಟು ಗಟ್ಟಿಯಾಗಿ ಮಾತಾಡುವುದಿಲ್ಲ. ಫಸ್ಟ್ ಸ್ಟೇಜ್ ಭಾರವನ್ನು ಕಡಿಮೆ ಇಟ್ಟು ಸೆಕೆಂಡ್‌ಗೆ 200 ಗ್ರಾಂ ತನಕ ಕೊಟ್ಟರೆ ಗೋಡೆ ಚೆನ್ನಾಗಿ ತಿಳಿಯುತ್ತದೆ, ಹಿಡಿತ ಸಡಿಲಾಗಿರುವವರ ಕೈ ಮಾತ್ರ ಅಲ್ಲೇ ಜಗ್ಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಮೊರಿನಿಗೆ ಫಸ್ಟ್ ಸ್ಟೇಜ್‌ನಲ್ಲೇ 380–390 ಗ್ರಾಂ ಹಾಕಿ, ನಿಲ್ಲಿಸದೆ ಒತ್ತುತ್ತ ಹೋಗುವವರಿಗೇ ಅದು ಒಗ್ಗುವುದು. ಗೋಡೆಯ ಬಳಿ ನಿಂತು ಕಾಯುವ ಅಭ್ಯಾಸದವರು ಯಾಂತ್ರಿಕಕ್ಕೇ ಅಂಟಿಕೊಳ್ಳಲಿ.

ಕೆಡುವ ಬಗೆಯೂ ಎರಡರದು ಬೇರೆ ಬೇರೆ. ಯಾಂತ್ರಿಕ ಟ್ರಿಗರ್ ಮುನ್ಸೂಚನೆ ಕೊಟ್ಟು ಕೆಡುತ್ತದೆ: ಎಣ್ಣೆ ಒಣಗಿ ಧೂಳು ಕೂತಾಗ ಸೆಕೆಂಡ್ ಸ್ಟೇಜ್‌ನಲ್ಲಿ ಮರಳು ಮರಳು ಅನುಭವ, ಭಾರದಲ್ಲಿ ಏರಿಳಿತ. ಸಿಯರ್‌ಗೆ ಕಂಡ ಕಂಡ ಎಣ್ಣೆ ಬಿಡುವುದೇ ಇದಕ್ಕೆ ಮುಖ್ಯ ಕಾರಣ. ಎಲೆಕ್ಟ್ರಾನಿಕ್ ಮಾತ್ರ ನಿಂತರೆ ನಿಂತೇಬಿಟ್ಟಿತು. ಹೊಸ ಬ್ಯಾಟರಿ ಕಿಸೆಯಲ್ಲಿರಲೇಬೇಕು. ಅದೂ ಸಾಲದು, ತಪಾಸಣೆ ಮುಗಿಸಿದ ಇನ್ನೊಂದು ಪಿಸ್ತೂಲು ಹತ್ತಿರವಿರಬೇಕು. 60 ಶಾಟ್‌ಗೆ ಸಿಗುವುದು 75 ನಿಮಿಷ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅರ್ಹತಾ ಸುತ್ತಿನ ನಡುವೆ ಪಿಸ್ತೂಲು ಕೈಕೊಟ್ಟು ಮನು ಭಾಕರ್ ಅಮೂಲ್ಯ ನಿಮಿಷಗಳನ್ನು ಕಳೆದುಕೊಂಡರು. 575 ಅಂಕದೊಂದಿಗೆ 12ನೇ ಸ್ಥಾನಕ್ಕೆ ನಿಂತರು, ಫೈನಲ್ ತಪ್ಪಿತು.

ಟ್ರಿಗರ್ ಸ್ಟಾಪ್ ಬಗ್ಗೆ ಒಂದು ಮಾತು. ಬಿಡುಗಡೆಯಾದ ಕೂಡಲೇ ಬೆರಳು ನಿಲ್ಲಲೆಂದು ಅದನ್ನು ತೀರಾ ಬಿಗಿ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಬೆರಳಿನ ಹೊಡೆತ ನೇರ ಫ್ರೇಮಿಗೆ ಬೀಳುತ್ತದೆ, ಪೆಲೆಟ್ ಇನ್ನೂ ಬ್ಯಾರಲ್ಲಿನೊಳಗೇ ಇರುತ್ತದೆ. ಇನ್ನೂ ಬಿಗಿ ಮಾಡಿದರೆ ಬಿಡುಗಡೆಯೇ ಆಗದೆ ಕಾಡುತ್ತದೆ. ಕೂದಲೆಳೆ ಜಾಗ ಬಿಡಿ.

ಟ್ರಿಗರ್ ಮೇಲೆ ಹೊರಿಸುವ ಅರ್ಧ ದೂರು ಅಸಲಿಗೆ ಗ್ರಿಪ್‌ನದು. ರಿಂಕ್ ಕಂಪನಿಯದರಂಥ ಕಸ್ಟಮ್ ಗ್ರಿಪ್ (ಕೈಯ ಅಳತೆಗೆ ಮಾಡಿದ ಹಿಡಿ) ಹಾಕಿಸಿದ ಮೇಲೆ, ಇಲ್ಲವೇ ಅಂಗೈ ಭಾಗಕ್ಕೆ ಪುಟ್ಟಿ ಮೆತ್ತಿ ಉಜ್ಜಿದ ಮೇಲೆ, ಕೈ ಎರಡು ಮೂರು ಮಿಲಿಮೀಟರ್ ಸರಿದಿರುತ್ತದೆ. ಶೂ ಮಾತ್ರ ಹಳೆಯ ಜಾಗದಲ್ಲೇ. ಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗದ ಬದಲು ತುದಿ ತಾಗುತ್ತದೆ, ಒತ್ತಡ ಓರೆಯಾಗುತ್ತದೆ. ಬಲಗೈಯವರ ಗುಂಡುಗಳು ಎಡಕ್ಕೆ, ಒಂಬತ್ತು ಗಂಟೆಯ ಕಡೆಗೆ ಸಾಲುಗಟ್ಟಿದರೆ ಸೈಟ್ ತಿರುಗಿಸುವ ಮೊದಲು ಶೂ ಹಿಂದಕ್ಕೆ ಎಳೆದು ನೋಡಿ. ಹತ್ತರ ವೃತ್ತದ ವ್ಯಾಸ 11.5 ಮಿ.ಮೀ. ಅಷ್ಟೇ. ಶೂ ಅಥವಾ ಅದರ ಕೋನ ಬದಲಿಸಿದಾಗಲೆಲ್ಲ ಭಾರ ಮತ್ತೆ ತೂಗಬೇಕು.

ಈ ಅಳತೆಗಳನ್ನು 25 ಮೀಟರ್ ಪಿಸ್ತೂಲಿಗೆ ಒಯ್ಯಬೇಡಿ. ಅಲ್ಲಿ ಕೆಳಮಿತಿ 1000 ಗ್ರಾಂ, ಫಸ್ಟ್ ಸ್ಟೇಜ್ 750ರ ಆಸುಪಾಸು ಇಟ್ಟುಕೊಂಡರೆ ಕೈಗೆ ಪರಿಚಿತ ಅನಿಸುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದುಡ್ಡು ಕೊಡುವ ಮೊದಲು ಎರಡು ನೋಡಲಿ. ಸ್ಟೆಯರ್, ಪಿ8ಎಕ್ಸ್ ಆದರೆ ಸ್ಕ್ರೂಗಳಲ್ಲಿ ಅಲೆನ್ ಕೀ ಕೂರುವ ಕುಳಿ ಸವೆದಿದೆಯೇ ಎಂದು. ಸವೆದಿದ್ದರೆ ಒಳಗೆ ಬಹಳ ಕೈಯಾಡಿದೆ ಎಂದರ್ಥ. ಮೊರಿನಿ ಆದರೆ ಬ್ಯಾಟರಿ ಕೋಣೆಯ ತಗಡಿನ ಮೇಲೆ ಹಸಿರು ಕಿಲುಬು ಇದೆಯೇ ಎಂದು. ಕಿಲುಬು ಕಂಡರೆ ಸರ್ಕ್ಯೂಟ್ ಬದಲಿಸುವ ಖರ್ಚನ್ನು ಬೆಲೆಯಲ್ಲೇ ಕಳೆಯಲು ಕೇಳಿ.