ನದಿ ದಂಡೆಗೆ ಮೂರು ದಾರಿ, ನನ್ನ ಮನಸ್ಸು ಫಿರೋಜಾಬಾದಿನ ಕಡೆಗೆ

ದಸರಾ ರಜೆಗೆ ಹೆಂಡತಿಯ ತಮ್ಮ ಧಾರವಾಡದಿಂದ ಮಕ್ಕಳನ್ನು ಕರಕೊಂಡು ಕಲಬುರಗಿಗೆ ಬಂದಿದ್ದ. "ಮಾಮಾ, ಎಲ್ಲಾದರೂ ನದಿ ಕಡೆ ಹೋಗೋಣ. ಹಳೇ ಕೋಟೆ, ಗುಡಿ ಏನಾದರೂ ಇರಬೇಕು ನೋಡ್ರಿ" ಎಂದ. ಅವನ ಮಾತಿಗೆ 3,800 ರೂಪಾಯಿ ಕೊಟ್ಟು ಬಾಡಿಗೆ ಕಾರು ಮಾಡಿ ಭೀಮಾ ನದಿ ದಂಡೆಯ ಸನ್ನತಿಗೆ ಹೋದೆವು. ಹೋಗಿದ್ದು ತಪ್ಪಲ್ಲ, ಬಾಡಿಗೆ ಕಾರಿನಲ್ಲಿ ಹೋಗಿದ್ದು ತಪ್ಪು. ಡ್ರೈವರ್‌ಗೆ ಸಂಜೆ ಇನ್ನೊಂದು ಬಾಡಿಗೆ ಇತ್ತಂತೆ. ಮಕ್ಕಳು ನೀರಿನ ಹತ್ತಿರ ಇಳಿಯುವಷ್ಟರಲ್ಲಿ ಹಾರ್ನ್ ಶುರು.

ಹದಿನೈದು ದಿನ ಬಿಟ್ಟು ಒಂದು ಭಾನುವಾರ ಮಗನನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಫಿರೋಜಾಬಾದಿಗೆ ಹೋಗಿ ಬಂದೆ. ಖರ್ಚಾಗಿದ್ದು ಸುಮಾರು ಒಂದು ಲೀಟರ್ ಪೆಟ್ರೋಲು, ಎರಡು ಚಹಾ, ಒಂದು ಪ್ಲೇಟ್ ಸೂಸಲಾ, ಮಿರ್ಚಿ ಭಜಿ. ಈ ಊರಲ್ಲೇ ಹುಟ್ಟಿ ಬೆಳೆದವನು ಇಷ್ಟು ದಿನ ಯಾಕೆ ಅಲ್ಲಿಗೆ ಹೋಗಲಿಲ್ಲ ಅಂತ ಬೇಜಾರಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನದಿಗೆ ಅಂಟಿಕೊಂಡೇ ಹತ್ತಾರು ಕಿಲೋಮೀಟರ್ ಓಡುವ ರಸ್ತೆ ಬೇಕು ಅಂದರೆ ಫಿರೋಜಾಬಾದ್, ಸನ್ನತಿ, ಮಳಖೇಡ ಈ ಮೂರರಲ್ಲಿ ಯಾವುದೂ ಆಗುವುದಿಲ್ಲ. ನಮ್ಮದು ಸಪಾಟು ಎರೆ ಭೂಮಿ. ಭೀಮೆ ತುಂಬಿದರೆ ಹೊಲಗಳ ಮೇಲೆಲ್ಲ ಹರಡುತ್ತಾಳೆ. 2020ರ ಅಕ್ಟೋಬರ್‌ನಲ್ಲಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳು ನೀರಲ್ಲಿ ನಿಂತಿದ್ದನ್ನು ಯಾರು ಮರೆತಾರು? ಅದಕ್ಕೇ ದೊಡ್ಡ ರಸ್ತೆಗಳು ನದಿಯಿಂದ ದೂರ ಇವೆ. ತೊಗರಿ, ಹತ್ತಿ ಹೊಲಗಳ ನಡುವೆ ಹೋಗಿ, ಕೊನೆಗೆ ಒಂದು ಕಡೆ ತಿರುಗಿ ನದಿಯನ್ನು ಕಾಣಬೇಕು. ಆ ತಿರುವಿನ ನಂತರ ಏನು ಸಿಗುತ್ತದೆ ಅನ್ನುವುದರ ಮೇಲೆಯೇ ನನ್ನ ಲೆಕ್ಕ.

ಫಿರೋಜಾಬಾದ್ ಕಲಬುರಗಿಯಿಂದ 30 ಕಿಲೋಮೀಟರ್ ಒಳಗೇ ಇದೆ. ರಾಮ ಮಂದಿರ ಸರ್ಕಲ್ ದಾಟಿ ಜೇವರ್ಗಿ ರಸ್ತೆ ಹಿಡಿದರೆ ಫರಹತಾಬಾದ್ ಬರುತ್ತದೆ. ಅಲ್ಲಿ ಚಹಾ ಕುಡಿದು ಮುಂದೆ ಹೋಗಿ ಒಳಗೆ ತಿರುಗಬೇಕು. ಬಹಮನಿ ಸುಲ್ತಾನ ಫಿರೋಜ್ ಶಾಹ 1400ರ ಹೊತ್ತಿಗೆ ಕಟ್ಟಿಸಿದ ಊರು ಇದು. ಕಲಬುರಗಿ ರಾಜಧಾನಿ ಆಗಿದ್ದಾಗಲೇ ಭೀಮೆಯ ದಂಡೆಯಲ್ಲಿ ತನಗೊಂದು ಬೇರೆ ನಗರ ಬೇಕು ಅನಿಸಿತು ಅವನಿಗೆ. ಮೂರು ಕಡೆ ದಪ್ಪ ಕಲ್ಲಿನ ಗೋಡೆ ಎಬ್ಬಿಸಿದ. ನಾಲ್ಕನೇ ಕಡೆ, ಪಶ್ಚಿಮಕ್ಕೆ, ಗೋಡೆಯ ಕೆಲಸವನ್ನು ನದಿಗೇ ಬಿಟ್ಟ. ಇದನ್ನು ಓದಿದಾಗ ನನಗೆ ಏನೂ ಅನಿಸಿರಲಿಲ್ಲ. ಅಲ್ಲಿ ನಿಂತಾಗ ಮೈ ಜುಮ್ ಎಂದಿತು. ದೊಡ್ಡ ಬಾಗಿಲು ದಾಟಿದರೆ ಒಳಗೆ ಹೊಲ. ಜೋಳ, ಹತ್ತಿಯ ನಡುವೆ ಮಸೀದಿಯ ಗೋಡೆ, ಕಮಾನು, ಹಮಾಮಿನ (ಸ್ನಾನಗೃಹದ) ಗುಮ್ಮಟ. ಹಾಗೇ ನಡೆಯುತ್ತ ಹೋದರೆ ನೆಲ ಮುಗಿದು ಭೀಮೆ.

ಈಗ ತೊಂದರೆ ಹೇಳುತ್ತೇನೆ, ಯಾಕೆಂದರೆ ನೀವೂ ಇದರಲ್ಲೇ ಸಿಕ್ಕಿಕೊಳ್ಳುತ್ತೀರಿ. ಹಿಂದಿನ ದಿನ ಸಂಜೆ ಒಂದು ಮಳೆ ಆಗಿತ್ತು. ಜಾಸ್ತಿಯೇನಲ್ಲ, ಅರ್ಧ ಗಂಟೆ. ಡಾಂಬರು ರಸ್ತೆ ಒಣಗಿತ್ತು, ಹಾಗಾಗಿ ಧೈರ್ಯ ಮಾಡಿ ಹೊಲದ ದಾರಿಗೆ ಬೈಕ್ ಇಳಿಸಿದೆ. ಐವತ್ತು ಹೆಜ್ಜೆ ಹೋಗಿರಬಹುದು, ಗಾಡಿ ಭಾರ ಆಯಿತು. ಎಕ್ಸಲರೇಟರ್ ಕೊಟ್ಟರೆ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಇಳಿದು ನೋಡಿದರೆ ಮುಂದಿನ ಗಾಲಿ ಕಾಣಿಸುವುದೇ ಇಲ್ಲ, ಬರೀ ಮಣ್ಣಿನ ಉಂಡೆ. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಎರೆ ಮಣ್ಣು ತುರುಕಿಕೊಂಡು ಗಾಲಿ ತಿರುಗದಂತೆ ಬಿಗಿದುಬಿಟ್ಟಿತ್ತು. ಒಳಗೆ ಹತ್ತಿ ಕಟ್ಟಿಗೆ, ಹುಲ್ಲು ಎಲ್ಲ ಸೇರಿ ಹೆಣೆದ ಹಾಗೆ ಆಗಿತ್ತು.

ಜಾಲಿ ಕಟ್ಟಿಗೆ ಮುರಿದು ಕೆದರಿದೆ. ಕಟ್ಟಿಗೆ ಮುರಿಯಿತು, ಮಣ್ಣು ಅಲುಗಲಿಲ್ಲ. ಕುಡಿಯುವ ನೀರಿನ ಬಾಟ್ಲಿ ಪೂರ್ತಿ ಸುರಿದೆ. ಅದು ಇನ್ನೂ ದೊಡ್ಡ ತಪ್ಪು, ಮಣ್ಣು ಸಾಬೂನಿನ ಹಾಗೆ ಜಾರುತ್ತದೆಯೇ ಹೊರತು ಬಿಡುವುದಿಲ್ಲ. ಚಪ್ಪಲಿಗೆ ಅಂಟಿದ ಮಣ್ಣಿನಿಂದ ಮಗ ನಾಲ್ಕು ಬೆರಳು ಎತ್ತರ ಆಗಿದ್ದ. ಸ್ವಲ್ಪ ದೂರದಲ್ಲಿ ಹೊಲದಲ್ಲಿದ್ದ ಯಜಮಾನರು ಬಂದರು. "ಹಸಿ ಇದ್ದಾಗ ತೆಗೀಲಕ್ಕ ಹೋಗಬ್ಯಾಡ್ರಿ. ಗಾಡಿ ಇಲ್ಲೇ ಬಿಟ್ಟು ನಡದು ಹೋಗ್ರಿ. ಬರೋದ್ರಾಗ ಒಣಗಿರ್ತದ" ಎಂದರು. ಎರಡು ತಾಸು ಬಿಟ್ಟು ಬಂದು ಕಟ್ಟಿಗೆಯಿಂದ ಒತ್ತಿದರೆ ಮಣ್ಣು ಬಿರುಕು ಬಿಟ್ಟು ಹೆಂಟೆ ಹೆಂಟೆಯಾಗಿ ಉದುರಿತು. ಉಳಿದದ್ದನ್ನು ಅವರೇ ಕುಡುಗೋಲಿನ ತುದಿಯಿಂದ ಎಬ್ಬಿದರು. ಆದ್ದರಿಂದ ಮಳೆ ಆಗಿ ಎರಡು ದಿನ ಒಳ್ಳೆ ಬಿಸಿಲು ಬೀಳುವ ತನಕ ಹೊಲದ ದಾರಿಗೆ ಗಾಡಿ ಇಳಿಸಬೇಡಿ. ಡಾಂಬರಿನ ಪಕ್ಕದಲ್ಲೇ ನಿಲ್ಲಿಸಿ ನಡೆಯಿರಿ. ಕಾರಿದ್ದರೂ ಇದೇ ಮಾತು.

ಇಷ್ಟಾದರೂ ನನ್ನ ಆಯ್ಕೆ ಫಿರೋಜಾಬಾದೇ. ಗಾಡಿ ಬಿಟ್ಟು ನಡೆದದ್ದಕ್ಕೇ ಆ ಗೋಡೆಗಳನ್ನು ಕೈಯಿಂದ ಮುಟ್ಟಿ ನೋಡಿದೆವು.

ಸನ್ನತಿಗೆ ಬರೋಣ. ಇತಿಹಾಸದ ತೂಕ ಹಾಕಿದರೆ ಸನ್ನತಿಯ ಮುಂದೆ ಫಿರೋಜಾಬಾದ್ ಮೊನ್ನೆ ಮೊನ್ನೆಯದು. 1986ರಲ್ಲಿ ಚಂದ್ರಲಾಂಬೆಯ ಗುಡಿ ಇರುವ ಜಾಗದಲ್ಲೇ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಪೀಠಕ್ಕೆ ಇಟ್ಟಿದ್ದ ಕಲ್ಲು ನೋಡಿದರೆ ಅದು ಅಶೋಕನ ಶಾಸನ! ಮೂರ್ತಿ ನಿಲ್ಲಿಸಲು ಯಾವ ಕಾಲದಲ್ಲೋ ನಡುವೆ ಚೌಕಾಗಿ ಕೊರೆದಿದ್ದಾರೆ. ಅಲ್ಲಿದ್ದ ಬ್ರಾಹ್ಮಿ ಅಕ್ಷರಗಳು ಹೋದವು, ಉಳಿದವು ಉಳಿದವು. ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ಅಶೋಕನ ಶಿಲ್ಪವೇ ಸಿಕ್ಕಿದೆ, 'ರಾಯೋ ಅಸೋಕೊ' ಎಂಬ ಹೆಸರಿನ ಸಮೇತ. ಇದು ಅವನೇ ಎಂದು ಕಲ್ಲೇ ಹೇಳುವ ಶಿಲ್ಪ ನಮ್ಮ ಚಿತ್ತಾಪುರ ತಾಲೂಕಿನಲ್ಲಿ ಇದೆ ಅಂದರೆ ಎಷ್ಟು ಹೆಮ್ಮೆ ಅಲ್ವಾ? ನನ್ನ ಹೆಂಡತಿಯ ತಮ್ಮನಿಗೆ ಇದನ್ನೆಲ್ಲ ಹೇಳುವಾಗ ನನ್ನ ಗಂಟಲು ಕಟ್ಟಿತು.

ಆದರೆ ದಾರಿ ಉದ್ದ. ಶಹಾಬಾದ್, ವಾಡಿ, ನಾಲವಾರ ದಾಟಿ ಹೋಗಿ ಬರಲು 120 ಕಿಲೋಮೀಟರ್‌ಗಿಂತ ಜಾಸ್ತಿ. ಅರ್ಧ ದಾರಿ ಫರ್ಸಿ ಕಲ್ಲಿನ ಗಣಿ, ಸಿಮೆಂಟ್ ಲಾರಿಗಳೇ. ಇಡೀ ದಿನ ಕೈಯಲ್ಲಿ ಇದ್ದವರು, ಸ್ವಂತ ಕಾರು ಇದ್ದವರು ಖಂಡಿತ ಹೋಗಿ. ಬುತ್ತಿ ಕಟ್ಟಿಕೊಂಡು ಹೋಗಿ. ಸುಮ್ನೆ ಗಂಟೆ ಲೆಕ್ಕದ ಬಾಡಿಗೆ ಗಾಡಿಯಲ್ಲಿ ಮಾತ್ರ ಹೋಗಬೇಡಿ.

ಮಳಖೇಡ ಸೇಡಂ ರಸ್ತೆಯಲ್ಲಿ, 40 ಕಿಲೋಮೀಟರ್ ದೂರ. ಇಲ್ಲಿರುವುದು ಭೀಮೆಯಲ್ಲ, ಕಾಗಿಣಾ. ಮುಂದೆ ಹೊನಗುಂಟಾದಲ್ಲಿ ಅವಳು ಭೀಮೆಯನ್ನು ಸೇರುತ್ತಾಳೆ. ರಾಷ್ಟ್ರಕೂಟರ ರಾಜಧಾನಿ, ನೃಪತುಂಗನ ಊರು. ಕೋಟೆ ನೋಡಬಹುದು, ನದಿ ಪಕ್ಕ ಮಾಧ್ವ ಯತಿ ಜಯತೀರ್ಥರ ವೃಂದಾವನಕ್ಕೆ ಕೈ ಮುಗಿಯಬಹುದು. ಊರು ನನಗೆ ಇಷ್ಟ, ರಸ್ತೆ ಇಷ್ಟವಿಲ್ಲ. ಬೈಕಿನವರಿಗೆ ಲಾರಿ ಹಿಂದೆ ಧೂಳು ಕುಡಿಯುವುದೇ ಆಗುತ್ತದೆ.

ಗಾಣಗಾಪುರದ ಸಂಗಮವನ್ನು ಈ ಹೋಲಿಕೆಗೆ ಸೇರಿಸಿಲ್ಲ. ಅಲ್ಲಿಗೆ ದತ್ತನ ದರ್ಶನಕ್ಕೆ ಹೋಗುತ್ತೇವೆ, ತಿರುಗಾಡಲು ಅಲ್ಲ.

ನನ್ನದು ಅಂಗಡಿ. ಭಾನುವಾರವೂ ಮಧ್ಯಾಹ್ನ 12ಕ್ಕೆ ಶಟರ್ ಎತ್ತಬೇಕು. ಬೆಳಿಗ್ಗೆ 6ಕ್ಕೆ ಬಿಟ್ಟರೆ 7ಕ್ಕೆ ನದಿ ಮುಂದೆ ಕೂತಿರುತ್ತೇನೆ. ಬೆಳಗಿನ ಹೊತ್ತು ಸೂರ್ಯ ಬೆನ್ನಿಗೆ ಇರುವುದರಿಂದ ಎದುರಿನ ದಂಡೆ ಸ್ಪಷ್ಟವಾಗಿ ಕಾಣುತ್ತದೆ. ಪುರುಸೊತ್ತು ಇದ್ದವರು ಸಂಜೆ ಹೋಗಿ, ಸೂರ್ಯ ನದಿಯ ಆಚೆಗೇ ಮುಳುಗುತ್ತಾನೆ. ಅಕ್ಟೋಬರ್ ಕೊನೆಯಿಂದ ಜನವರಿ ತನಕ ಒಳ್ಳೆಯದು. ಬೇಸಿಗೆಯಲ್ಲಿ ನೀರೂ ಕಡಿಮೆ, ಆ ಬಿಸಿಲಿನಲ್ಲಿ ಕಲ್ಲಿನ ಮೇಲೆ ಕೂರಲಿಕ್ಕೂ ಆಗುವುದಿಲ್ಲ.

ಕುಡುಗೋಲಿನ ಯಜಮಾನರು ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಊಟಕ್ಕೆ ಕರೆದಿದ್ದಾರೆ. ಹೊಲಕ್ಕೆ ಚರಗ (ನೈವೇದ್ಯ) ಚೆಲ್ಲುವುದನ್ನು ಮಗ ಇನ್ನೂ ನೋಡಿಲ್ಲ. ಹೆಂಡತಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡುತ್ತೇನೆ ಎಂದಿದ್ದಾಳೆ. ಈ ಸಲ ಗಾಡಿ ಡಾಂಬರಿನ ಮೇಲೆಯೇ ನಿಲ್ಲುತ್ತದೆ.